ಸಂಪಿನ ತಳದಲ್ಲಿ ಸಿಕ್ಕ ಆಕಾಶದ ಕಾಳು

ಹುಣಸೆಹಣ್ಣು ಕುಟ್ಟುತ್ತಾ ಕೂತಿದ್ದೆ. ಎರಡೂ ಕೈ ಅಂಟು. ಫೋನು ಬಡಿದುಕೊಳ್ಳುವುದು ಅಂಥ ಹೊತ್ತಿನಲ್ಲೇ. ಮೊಣಕೈಯಿಂದ ಒತ್ತಿ, ತಲೆ ಬಗ್ಗಿಸಿ ಕಿವಿ ಕೊಟ್ಟೆ. ಕೂಡ್ಲಿಗಿಯ ವೆಲ್ಡಿಂಗ್ ಅಣ್ಣ. ನಮ್ಮ ಮನೆಯ ಗೇಟು, ಕಿಟಕಿ, ಮಾಳಿಗೆಯ ಸುತ್ತಲಿನ ಕಂಬಿ ಎಲ್ಲ ಅವರ ಕೈಯದೇ.

“ಅಕ್ಕಾ, ನಾಳೆ ನನ್ನ ಮಗಳು ನಿಮ್ಮ ಮನಿಗೆ ಬರ್ತಾಳ. ನಿಮ್ಮ ಮಾಳಿಗಿ ನೋಡಬೇಕಂತ.”

“ಮಾಳಿಗಿ ಯಾಕಣ್ಣ? ಕಂಬಿ ಏನರ ಸಡ್ಲ ಆಗೈತೇನು?”

“ಕಂಬಿ ಅಲ್ರಿ. ಆಕಿ ಓದಿಗೆ ಏನೋ ಬೇಕಂತ. ನನಗ ಹೇಳಿದ್ಲು, ತಲಿಗೆ ಹೋಗಲಿಲ್ಲ. ಆಕೀನ ಹೇಳ್ತಾಳ ಬಿಡ್ರಿ.”

ಅತ್ತೆ ಕಟ್ಟೆಯ ಮೇಲೆ ಕಾಲು ಚಾಚಿ ಕೂತು ಎಲ್ಲ ಕೇಳಿಸಿಕೊಂಡಿದ್ದರು. ಅವರಿಗೆ ಮೊಣಕಾಲು ಬಗ್ಗುವುದಿಲ್ಲ, ಕಿವಿ ಮಾತ್ರ ಬಲು ಚುರುಕು. “ಎಮ್ಮೆಸ್ಸಿ ಓದೋ ಹುಡುಗಿ ನಮ್ಮ ಮಾಳಿಗಿ ನೋಡಾಕ ಬರ್ತಾಳಂದ್ರ ಹಂಗ ಬಿಡಾಕಾಗತೈತೇನು? ಮ್ಯಾಲ ಹೋಗಿ ನೋಡೀಯೇನು ಹೆಂಗ ಐತಂತ? ಪಾರಿವಾಳದ ಹೊಲಸು, ಬೇವಿನ ಎಲಿ, ಗಾಳಿ ತಂದ ಮಣ್ಣು. ಮಾನ ಹೋಗತೈತಿ.”

ಯುಗಾದಿ ಹತ್ತಿರ ಬಂದಿತ್ತು. ಹೇಗಿದ್ದರೂ ಹಬ್ಬಕ್ಕೆ ತೊಳೆಯಲೇಬೇಕಾದ ಮಾಳಿಗೆ. ಮಾರನೆಯ ದಿನ ಕೋಳಿ ಕೂಗುವ ಹೊತ್ತಿಗೆ ಎದ್ದು, ಕಂಬಿಯ ಬುಡದಿಂದ ಹಿಡಿದು ಮೂಲೆ ಮೂಲೆ ಗುಡಿಸಿದೆ. ಕೊಡಗಟ್ಟಲೆ ನೀರು ಹೊತ್ತು ಸುರಿದು ತೆಂಗಿನ ಪೊರಕೆಯಿಂದ ತಿಕ್ಕಿದೆ. ಪೈಪಿನ ಬಾಯನ್ನು ಬೀದಿಗೆ ತಿರುಗಿಸಿದ್ದೆ, ನೀರೆಲ್ಲ ಹರಿದು ಹೋಯಿತು. ಕೊನೆಗೆ ಮೆಟ್ಟಿಲ ಬಾಯಲ್ಲಿ ಒಂದು ಎಳೆ ರಂಗೋಲಿಯನ್ನೂ ಬಿಟ್ಟೆ. ಬಿಸಿಲಿಗೆ ಮಾಳಿಗೆ ಹೊಸ ತಟ್ಟೆಯ ಹಾಗೆ ಹೊಳೆಯುತ್ತಿತ್ತು. ನನಗೇ ಸಂತೋಷವಾಯಿತು.

ಗುಡೇಕೋಟೆಯ ಬಸ್ಸಿಗೆ ಹುಡುಗಿ ಬಂದಳು. ಬೆನ್ನಿಗೆ ಭಾರದ ಚೀಲ, ಕೈಯಲ್ಲಿ ಹೊಸ ಪ್ಲಾಸ್ಟಿಕ್ ಮೊರ, ಮೆತ್ತನೆಯ ಬ್ರಷ್ಷು. ನೀರನ್ನೂ ಕುಡಿಯದೆ “ಮೊದಲು ಮಾಳಿಗಿ ತೋರಿಸ್ರಿ ಸಣ್ಣಮ್ಮ” ಎಂದಳು. ನಾನು ಮುಂದೆ, ಅವಳು ಹಿಂದೆ. ಮೆಟ್ಟಿಲು ಹತ್ತಿ ನಿಂತವಳು ರಂಗೋಲಿ ನೋಡಿದಳು, ಮಾಳಿಗೆ ನೋಡಿದಳು, ಹಾಗೇ ಮೆಟ್ಟಿಲ ಮೇಲೆ ಕುಸಿದು ಕೂತಳು.

“ತೊಳದೀರೇನ್ರಿ?”

“ಹೂನವ್ವ, ನೀ ಬರ್ತೀಯಂತ.”

ಅವಳಿಗೆ ಅಳು ಬಂತೋ ನಗು ಬಂತೋ ತಿಳಿಯಲಿಲ್ಲ. ಮುಖ ಮುಚ್ಚಿಕೊಂಡು “ಆ ಧೂಳಿಗೇ ಬಂದಿದ್ನಿ ಸಣ್ಣಮ್ಮ” ಎಂದಳು.

ಕೆಳಗೆ ಬಂದು ಕೂತಮೇಲೆ ಬಿಡಿಸಿ ಹೇಳಿದಳು. ಆಕಾಶದಲ್ಲಿ ಸೂರ್ಯನ ಸುತ್ತ ಗ್ರಹಗಳಲ್ಲದೆ ಕ್ಷುದ್ರಗ್ರಹಗಳೆಂಬ ಕಲ್ಲುಗುಂಡುಗಳು ಸುತ್ತುತ್ತವೆ, ಧೂಮಕೇತುಗಳು ಸುತ್ತುತ್ತವೆ. ಒಂದಕ್ಕೊಂದು ಬಡಿದಾಗ, ಬಿಸಿಲಿಗೆ ಸವೆದಾಗ ಧೂಳು ಏಳುತ್ತದೆ. ಆ ಧೂಳು ಎಷ್ಟೋ ಕಾಲ ಅಲೆದು ಕೊನೆಗೆ ಭೂಮಿಗೆ ಬೀಳುತ್ತದೆ. ಗಾಳಿಯೊಳಗೆ ನುಗ್ಗುವಾಗ ಬೆಂಕಿಯಾಗಿ ಕರಗಿ, ಗುಂಡಗಾಗಿ, ಆರಿ, ಸದ್ದಿಲ್ಲದೆ ಇಳಿಯುತ್ತದೆ. ನೆಲಕ್ಕೆ ಬಿದ್ದರೆ ಮಣ್ಣಲ್ಲಿ ಮಣ್ಣಾಗಿ ಹೋಗುತ್ತದೆ. ಮಾಳಿಗೆಯ ಮೇಲಾದರೆ ಹುಡುಕಬಹುದು.

“ಎಲ್ಲಿ ಬೀಳತೈತಿ ಅದು?” ಎಂದರು ಅತ್ತೆ. “ದೊಡ್ಡ ದೊಡ್ಡ ದೇಶದಾಗೇನು?”

“ಎಲ್ಲಾ ಕಡಿ ಅಜ್ಜಿ. ದಿನಾ ಬೀಳತೈತಿ. ನಿಮ್ಮ ಮನಿ ಮ್ಯಾಲೂ, ನಮ್ಮ ಮನಿ ಮ್ಯಾಲೂ.”

ತನ್ನ ಮನೆಯ ಮಾಳಿಗೆಯನ್ನೇ ಮೊದಲು ಗುಡಿಸಿದ್ದಳಂತೆ. ಗುಂಡು ಗುಂಡು ಕಾಳು ಬೇಕಾದಷ್ಟು ಸಿಕ್ಕವು. ಕುಣಿದಾಡಿಬಿಟ್ಟಳು. ನೋಡಿದರೆ ಎಲ್ಲ ಕೆಳಗಿನ ಅಂಗಡಿಯಲ್ಲಿ ಅಪ್ಪ ವೆಲ್ಡಿಂಗ್ ಮಾಡಿದ ಕಿಡಿ, ಹಾರಿ ಮೇಲೆ ಬಿದ್ದು ಆರಿದ್ದು. ಆಮೇಲೆ ಹಗರಿಬೊಮ್ಮನಹಳ್ಳಿಯ ತನ್ನ ಸೋದರತ್ತೆಯ ಮನೆಗೆ ಹೋದಳು. ಅದು ರೈಲ್ವೆ ನಿಲ್ದಾಣದ ಮಗ್ಗುಲು. ಅಲ್ಲಿ ರೈಲಿನ ಬ್ರೇಕಿನ ಕಬ್ಬಿಣದ ಪುಡಿ. ಅದೂ ದಂಡ. ರೈಲೂ ಇಲ್ಲ, ವೆಲ್ಡಿಂಗ್ ಅಂಗಡಿಯೂ ಇಲ್ಲ ಎಂದು ನಮ್ಮೂರಿಗೆ ಬಂದಿದ್ದಳು. ಕಲಿಸುವ ಸರು ಹೇಳಿದ್ದರು: ಇದು ಗಣಿ ಸೀಮೆ, ಲಾರಿ, ರೈಲು, ಎಲ್ಲೆಲ್ಲೂ ಕಬ್ಬಿಣ, ಇಲ್ಲಿ ಇದು ಆಗುವ ಕೆಲಸವಲ್ಲ, ಪ್ರಾಜೆಕ್ಟಿಗೆ ಬಾವಿ ನೀರಿನ ಪರೀಕ್ಷೆಯ ವಿಷಯ ತಗೋ ಎಂದು. ದೂರದ ಪ್ರಯೋಗಾಲಯವೊಂದರ ದೊಡ್ಡ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಇವಳಿಗೆ ಒಂದು ದಿನದ ಜಾಗ ಕೊಟ್ಟಿದ್ದರು. ಆ ದಿನಕ್ಕೆ ಪರೀಕ್ಷೆಗೆ ತಕ್ಕ ಒಂದು ಕಾಳಾದರೂ ಒಯ್ಯಬೇಕು. ಇಲ್ಲದಿದ್ದರೆ ವಿಷಯ ಬದಲಿಸಬೇಕು.

“ಬದಲಿಸಿದರ ಏನಾಗತೈತಿ? ಪಾಸಂತೂ ಆಗ್ತೀ” ಎಂದೆ.

“ಪಾಸಾಗ್ತೀನಿ. ಆದ್ರ ನಮ್ಮ ಕಡಿ ಸಿಗಂಗಿಲ್ಲ ಅನ್ನೋದು ಖಾಯಂ ಆಗತೈತಿ ಸಣ್ಣಮ್ಮ. ಮುಂದ ಯಾರೂ ಹುಡುಕಾಕ ಬರಂಗಿಲ್ಲ. ಬಿದ್ದಿರೋದು ಬಿದ್ದಂಗ ಇರತೈತಿ.”

ಆ ಮಾತು ನನಗೆ ನಾಟಿತು. ಬಾಯಿ ಒಣಗಿ ಕೂತಿದ್ದಳು. ನೀರು ತರಲು ಎದ್ದೆ.

ನಮ್ಮೂರ ಬೋರಿನ ನೀರಿನ ಸಂಗತಿ ಈ ಸೀಮೆಯವರಿಗೆ ಹೇಳಬೇಕಾಗಿಲ್ಲ. ಅದರ ಫ್ಲೋರೈಡಿಗೆ ಮಕ್ಕಳ ಹಲ್ಲು ಕಂದು ತಿರುಗುತ್ತವೆ, ದೊಡ್ಡವರ ಕೀಲು ಹಿಡಿಯುತ್ತವೆ. ಅತ್ತೆಯ ಮೊಣಕಾಲು ಹೋಗಿದ್ದು ಅದರಿಂದಲೇ ಎಂದು ವೈದ್ಯರು ಹೇಳಿದ ಮೇಲೆ, ಮನೆ ಕಟ್ಟುವಾಗ ಅಂಗಳದಲ್ಲಿ ಮಳೆನೀರಿನ ಸಂಪು ಮಾಡಿಸಿದ್ದೆವು. ಮಾಳಿಗೆಯ ನೀರು ಪೈಪಿನಲ್ಲಿ ಇಳಿದು, ಬಾಯಿಗೆ ಕಟ್ಟಿದ ಸೊಳ್ಳೆ ಜಾಲರಿಯಲ್ಲಿ ಎಲೆ ಕಸ ಬಿಟ್ಟು ಒಳಗೆ ಬೀಳುತ್ತದೆ. ಅತ್ತೆ ಕುಡಿಯುವುದು ಅದೇ. ನನ್ನ ಲಿಂಗಪೂಜೆಗೂ ಅದೇ. ಬೋರಿನ ನೀರು ಲಿಂಗದ ಮೇಲೆ ಬಿಳಿ ಕಲೆ ಬಿಡುತ್ತದೆ.

ಹುಡುಗಿ ಜೊತೆಗೇ ಬಂದು ಸಂಪಿನ ಬಳಿ ನಿಂತಳು. ನಾನು ಮುಚ್ಚಳ ಸರಿಸಿ ಹಗ್ಗದ ತಂಬಿಗೆಯನ್ನು ಮೆಲ್ಲಗೆ ಇಳಿಸಿದೆ.

“ಅಷ್ಟು ನಿಧಾನ ಯಾಕ?”

“ತಳ ಮುಟ್ಟಿದರ ಕಪ್ಪಗ ಏಳತೈತವ್ವ. ಕಟ್ಟಿದಾಗಿಂದ ಇದನ್ನ ಪೂರ್ತಿ ಬರಿದು ಮಾಡಿಲ್ಲ.”

ಅವಳು ತಂಬಿಗೆ ಹಿಡಿದವಳು ಕುಡಿಯಲಿಲ್ಲ. ನನ್ನನ್ನೇ ನೋಡಿದಳು. ನಾನು ಜಾಲರಿಯನ್ನು ನೋಡಿದೆ. ಅದರ ಕಣ್ಣಿನಲ್ಲಿ ಬೇವಿನ ಎಲೆ ಹೋಗುವುದಿಲ್ಲ, ಕಡ್ಡಿ ಹೋಗುವುದಿಲ್ಲ. ಧೂಳು ಹೋಗುತ್ತದೆ. ಇಷ್ಟು ಮಳೆಗಾಲಗಳ ಧೂಳೆಲ್ಲ ತೊಳೆದು ಬಂದು ಅಲ್ಲಿ ಕೂತಿದೆ.

ಇಬ್ಬರಿಗೂ ತಿಳಿಯಿತು. ಆದರೆ ಅವಳು ಕೇಳಲಿಲ್ಲ. ಕೇಳುವ ಹಾಗೂ ಇರಲಿಲ್ಲ. ಬೇಸಿಗೆ ಈಗಷ್ಟೇ ಬಾಗಿಲಿಗೆ ಬಂದಿತ್ತು. ಮಳೆ ಬರುವತನಕ ಅತ್ತೆಗೆ ಇರುವುದು ಅದೊಂದೇ ನೀರು. ಊರಿನ ಶುದ್ಧ ನೀರಿನ ಘಟಕ ನಡೆದದ್ದಕ್ಕಿಂತ ನಿಂತದ್ದೇ ಹೆಚ್ಚು.

ಹುಡುಗಿ ಸಂಜೆಯ ಬಸ್ಸಿಗೆ ಹೋದಳು. ಮರುದಿನ ಬೆಳಿಗ್ಗೆ ಪೂಜೆಗೆ ಕೂತರೆ ಮನಸ್ಸು ನಿಲ್ಲಲಿಲ್ಲ. ಅಂಗೈಯಲ್ಲಿ ಲಿಂಗ, ಅದರ ಮೇಲೆ ಎರೆದ ನೀರು. ಈ ನೀರಿನ ಜೊತೆ ಏನೇನು ಇಳಿದು ಬಂದಿತ್ತೋ, ನಾನು ತಿಳಿಯದೆ ಎಷ್ಟು ವರ್ಷ ಎರೆದಿದ್ದೆನೋ. ಕೊಟ್ಟೂರಪ್ಪಾ, ನೀನೇ ದಾರಿ ತೋರಿಸು ಎಂದು ಕಣ್ಣು ತೆರೆದೆ. ದಾರಿ ಏನೂ ಕಾಣಲಿಲ್ಲ. ಪಾತ್ರೆಗಳ ಗೂಡು ಕಾಣಿಸಿತು. ನೀರನ್ನು ಚೆಲ್ಲಬೇಕಾಗಿಲ್ಲ, ಬೇರೆ ಪಾತ್ರೆಗೆ ಸರಿಸಿದರಾಯಿತು ಎಂದು ಹೊಳೆದದ್ದು ಆಗ. ತಳದ ಒಂದು ಗೇಣು ನೀರು ಮಾತ್ರ ಹೋಗುತ್ತದೆ. ಪಾತ್ರೆಯಲ್ಲಿಟ್ಟ ನೀರು ಸಂಪಿನಷ್ಟು ದಿನ ತಾಳುವುದಿಲ್ಲ ಎಂಬುದೂ ಗೊತ್ತಿತ್ತು. ಆದರೂ ಅದೊಂದು ದಾರಿಯೇ.

ನೀರು ಅತ್ತೆಯದು. ಅವರನ್ನು ಕೇಳದೆ ಆಗದು. ರೊಟ್ಟಿ ಬಡಿಯುತ್ತಲೇ ಕೇಳಿದೆ.

ಅವರು ರೊಟ್ಟಿಯ ತಟ್ಟೆ ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ಅಂದರು: “ಆಕಿ ಹೇಳಿದ್ದು ಖರೇ ಆದ್ರ, ಆಕಾಶದಾಗಿಂದ ಬಿದ್ದಿದ್ದನ್ನ ನಾನು ಇಷ್ಟು ದಿನ ಕುಡದೀನಿ ಅಂದಂಗಾತು.”

“ತಳದಾಗಿಂದು ಕುಡದಿಲ್ಲ ಅತ್ತಿ.”

“ಸ್ವಲ್ಪರ ಬಂದಿರತೈತಿ ತಗಿ. ಅದಕ್ಕ ಇನ್ನೂ ಬದುಕೀನಿ.” ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡರು. “ನೋಡು, ಈ ಕಾಲು ಹೋದದ್ದು ನೆಲದ ನೀರಿಗೆ. ಮಳಿ ನೀರು ನನಗೇನೂ ಕೇಡು ಮಾಡಿಲ್ಲ. ಆ ಹುಡುಗಿ ಬಾಯಾರಿ ಬಂದು ತಂಬಿಗಿ ಹಿಡಕೊಂಡು ಕುಡೀದ ನಿಂತಿದ್ಲು, ನಾ ಇಲ್ಲಿಂದ ನೋಡಿದ್ನಿ. ತಗಿ. ಆದ್ರ ಚೆಲ್ಲಿದಿ ಅಂದ್ರ ನಿನ್ನ ಬಿಡಂಗಿಲ್ಲ ನೋಡು.”

ನಮ್ಮ ಮನೆಯವರು ಬಸ್ಸಿನ ಕಂಡಕ್ಟರು. ಹರಪನಹಳ್ಳಿ ಕಡೆಯ ಡ್ಯೂಟಿ. ರಾತ್ರಿ ಬಂದವರಿಗೆ ಹೇಳಿದರೆ, “ತಾಯಿ ಸೊಸಿ ಕೂಡಿ ಠರಾವು ಮಾಡೀರಿ, ಇನ್ನ ನಂದೇನೈತಿ, ಟಿಕೆಟ್ ಹರಿಯೋದಷ್ಟ” ಎಂದು ನಕ್ಕರು. ಸಿಟ್ಟಾಗಲಿಲ್ಲವಲ್ಲ, ಅದೇ ದೊಡ್ಡದು ಎಂದುಕೊಂಡೆ.

ಪಾತ್ರೆ ಕೂಡಿಸುವುದೇ ಒಂದು ಕೆಲಸವಾಯಿತು. ಮನೆಯ ಹಂಡೆ, ಕೊಡ, ಡ್ರಮ್ಮು ಸಾಲಲಿಲ್ಲ. ಓಣಿಯವರದು ತಂದೆ. ಕೊನೆಗೆ ಮಠಕ್ಕೆ ಹೋಗಿ ದಾಸೋಹದ ಎರಡು ದೊಡ್ಡ ಕೊಳಗ ಕೇಳಿದೆ. ಅಲ್ಲಿನ ಅಯ್ಯನವರು ಕನ್ನಡಕ ಏರಿಸಿ ನೋಡಿದರು. “ಯಾರ ಮದುವಿನವ್ವ? ನಮಗ ಹೇಳಿಲ್ಲ ಕೇಳಿಲ್ಲ.”

“ಮದುವಿ ಅಲ್ರಿ ಅಯ್ಯಾರ. ಸಂಪು ತೊಳೀಬೇಕ್ರಿ. ಅದರ ತಳದಾಗ ಆಕಾಶದ ಚಿಕ್ಕಿ ಧೂಳು ಐತಂತ.”

ಅವರು ಇನ್ನೊಮ್ಮೆ ನೋಡಿ, “ಒಯ್ಯಿ. ಸಿಕ್ಕರ ನನಗೂ ತೋರಿಸು” ಎಂದರು. ಹುಚ್ಚಿ ಅನ್ನಲಿಲ್ಲ.

ಅಪ್ಪ ಮಗಳು ಇಬ್ಬರೂ ಬಂದರು. ಅಣ್ಣ ಸಣ್ಣ ಮೋಟರು, ಗಾಳಿ ಊದುವ ಯಂತ್ರ, ನೈಲಾನ್ ಹಗ್ಗ ತಂದಿದ್ದರು. ಪೈಪಿನ ಬಾಯಿ ತಳದಿಂದ ಒಂದು ಗೇಣು ಮೇಲೆ ನಿಲ್ಲುವಂತೆ ಕೋಲಿಗೆ ಕಟ್ಟಿ ಇಳಿಸಿದರು. ತಿಳಿನೀರು ಕದಡದೆ ಮೇಲೆ ಬಂತು. ಒಂದೊಂದು ಪಾತ್ರೆ ತುಂಬಿದ ಹಾಗೆ ಬಿಳಿ ಬಟ್ಟೆ ಕಟ್ಟಿ, ತಟ್ಟೆ ಮುಚ್ಚಿ ನೆರಳಿಗೆ ಸರಿಸಿದೆವು. ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ.

ಇನ್ನು ಒಳಗೆ ಇಳಿಯಬೇಕು. ಬಾಯಿ ಕಿರಿದು, ಅಣ್ಣನ ಮೈ ಹಿಡಿಸುವುದಿಲ್ಲ. ಹುಡುಗಿ ನಾನು ಇಳೀತೀನಿ ಎಂದಳು. “ನನ್ನ ಮನಿ ಸಂಪು, ನಾ ಇಳೀತೀನಿ” ಎಂದೆ. ದೇವರಿಗೆ ಎರೆಯುವ ನೀರಿನ ಜಾಗ, ಸ್ನಾನ ಮಾಡಿ ಒಗೆದ ಸೀರೆ ಉಟ್ಟು ಬಂದೆ. ಅಣ್ಣ ತಡೆದರು. “ತಡೀರಕ್ಕ. ಮುಚ್ಚಿದ ಸಂಪಿನಾಗ ಗಾಳಿ ಕೆಟ್ಟಿರತೈತಿ. ಎಷ್ಟೋ ಮಂದಿ ಇಳದವರು ಮ್ಯಾಲ ಬಂದಿಲ್ಲ.” ಊದುವ ಯಂತ್ರದ ಪೈಪನ್ನು ತಳದವರೆಗೆ ಬಿಟ್ಟು ಬೇಕಾದಷ್ಟು ಹೊತ್ತು ಗಾಳಿ ಹೊಡೆದರು. ನನ್ನ ಸೊಂಟಕ್ಕೆ ಹಗ್ಗ ಕಟ್ಟಿ ತಾವು ಹಿಡಿದರು. ಅತ್ತೆ ಸಂಪಿನ ಬಾಯಿಯ ಅಂಚಿಗೆ ಕುರ್ಚಿ ಹಾಕಿಸಿಕೊಂಡು ಕೂತರು. ನಾನು ಒಳಗಿರುವಷ್ಟು ಹೊತ್ತೂ ಮಾತಾಡುತ್ತಲೇ ಇರಬೇಕು, ಮಾತು ನಿಂತರೆ ಎಳೆದುಬಿಡುವುದು ಎಂದು ಅಣ್ಣನ ಅಪ್ಪಣೆ.

ಒಳಗೆ ತಂಪು. ಮೇಲೆ ಚೌಕದಷ್ಟು ಆಕಾಶ. ಕಾಲ ಕೆಳಗೆ ಉಳಿದ ನೀರಿನಲ್ಲಿ ಮೆತ್ತಗೆ, ಕಾಡಿಗೆಯ ಹಾಗೆ ನುಣುಪಾದ ಹೂಳು. ಬ್ರಷ್ಷಿನಿಂದ ಮೂಲೆಯಿಂದ ಸವರಿ ಪ್ಲಾಸ್ಟಿಕ್ ಮೊರಕ್ಕೆ ಎಳೆದು ಬಕೆಟ್ಟಿಗೆ ತುಂಬಿದೆ. ಮುಟ್ಟಿದ್ದೆಲ್ಲ ಪ್ಲಾಸ್ಟಿಕ್ಕೇ ಇರಬೇಕು, ಕಬ್ಬಿಣದ ಸಾಮಾನು ಬೇಡ ಎಂದು ಹುಡುಗಿ ಮೊದಲೇ ಹೇಳಿದ್ದಳು.

“ಮಾತಾಡು!” ಎಂದರು ಅತ್ತೆ.

“ಏನು ಮಾತಾಡ್ಲಿ?”

“ಯಾವಾಗ್ಲೂ ನಾ ಬಾಯಿ ಮುಚ್ಚು ಅಂದಾಗ ಮಾತಾಡ್ತೀಯಲ್ಲ, ಅದನ್ನ ಮಾತಾಡು.”

ಅಣ್ಣ ನಕ್ಕ ನಗೆಗೆ ಹಗ್ಗ ಅಲುಗಿತು. ನಾನು ಪಂಚಾಕ್ಷರಿ ಹೇಳಿಕೊಳ್ಳುತ್ತಾ ಗುಡಿಸಿದೆ. ಕೊನೆಯ ಬಕೆಟ್ಟು ಮೇಲೆ ಹೋದಾಗ ಸಂಪಿನ ತಳ ಸಿಮೆಂಟಿನ ಬೂದು ಬಣ್ಣಕ್ಕೆ ಬಂದಿತ್ತು.

ಹೂಳು ತೊಳೆಯುವ ಕೆಲಸ ಹಿತ್ತಲಿನ ಕಟ್ಟೆಯ ಮೇಲೆ ನಡೆಯಿತು. ಸ್ವಲ್ಪ ಸ್ವಲ್ಪ ಹೂಳನ್ನು ಅಗಲ ಬೋಗುಣಿಗೆ ಹಾಕಿ, ಸಾಬೂನಿನ ನೀರು ಬೆರೆಸಿ, ಕಲಕಿ, ಮೇಲಿನ ಕೆಸರುನೀರು ಬಸಿಯಬೇಕು. ತಳದಲ್ಲಿ ಭಾರದ್ದು ಉಳಿಯುತ್ತದೆ. ಅಕ್ಕಿ ಜಾಲಿಸುವ ಕೆಲಸವೇ, ಆದರೆ ಉಲ್ಟಾ. ಅಕ್ಕಿಯಲ್ಲಿ ಮೇಲಿನದನ್ನು ಇಟ್ಟುಕೊಂಡು ತಳದ ಕಲ್ಲು ಚೆಲ್ಲುತ್ತೇವೆ. ನನ್ನ ಕೈ ಮದುವೆಯಾದ ದಿನದಿಂದ ಅದನ್ನೇ ಕಲಿತದ್ದು. ಮೊದಲ ಬೋಗುಣಿಯಲ್ಲಿ ಬಸಿದದ್ದನ್ನು ಜೋಪಾನವಾಗಿ ಪಾತ್ರೆಗಿಟ್ಟು, ತಳದ್ದನ್ನು ಬಚ್ಚಲಿಗೆ ಎತ್ತಿದ್ದೆ. ಹುಡುಗಿ “ಸಣ್ಣಮ್ಮಾ!” ಎಂದು ಕೂಗಿ ಕೈ ಹಿಡಿದಳು. ಆಮೇಲೆ ಪ್ರತಿ ಸಲ ಬಗ್ಗಿಸುವಾಗಲೂ “ಕಲ್ಲು ಇಟ್ಕೊ, ಅಕ್ಕಿ ಚೆಲ್ಲು” ಎಂದು ಅತ್ತೆ ಕಟ್ಟೆಯಿಂದ ಕೂಗುತ್ತಿದ್ದರು.

ತೊಳೆಯುತ್ತಾ ಅವಳು ಕಥೆ ಹೇಳಿದಳು. ಈಚೆಗೆ ದೂರದ ದೇಶದವರು ಆಕಾಶನೌಕೆ ಕಳಿಸಿ ಒಂದು ಕ್ಷುದ್ರಗ್ರಹದಿಂದ ಹಿಡಿಯಷ್ಟು ಮಣ್ಣು ತಂದಿದ್ದಾರಂತೆ. ಆ ಗ್ರಹದ ಹೆಸರು ಬೆನ್ನು.

“ಯಾರ ಬೆನ್ನು?” ಎಂದರು ಅತ್ತೆ.

“ಗ್ರಹದ ಹೆಸರೇ ಹಂಗ ಅಜ್ಜಿ. ಅದರ ಮಣ್ಣಿನಾಗ ಉಪ್ಪು ಸಿಕ್ಕೈತಿ. ನಮ್ಮ ಹೊಲದಾಗ ಬೇಸಿಗ್ಯಾಗ ಬೆಳ್ಳಗ ಸವುಳು ಏಳತೈತಲ್ಲ, ಆ ಜಾತಿ ಉಪ್ಪೂ ಐತಿ ಅದರಾಗ. ಯಾವ ಕಾಲದಾಗೋ ಅಲ್ಲಿ ನೀರಿತ್ತು, ಆರಿತು, ಸವುಳು ಉಳೀತು. ಜೀವಕ್ಕ ಬೇಕಾಗೋ ಸಾಮಾನೂ ಸಿಕ್ಕಾವು.”

ನನ್ನ ಕೈ ಬೋಗುಣಿಯಲ್ಲೇ ನಿಂತಿತು. ಸವುಳು ನನಗೆ ಗೊತ್ತು. ನನ್ನ ತವರಿನಲ್ಲಿ ಅವ್ವ ಅದನ್ನು ಗೋರಿ ತಂದು ಬಟ್ಟೆ ಒಗೆಯುತ್ತಿದ್ದಳು. ಸೂರ್ಯನ ಸುತ್ತ ಎಲ್ಲೋ ತಿರುಗುವ ಒಂದು ಕಲ್ಲಿನ ಮೇಲೂ ಅದೇ ಬಿಳಿ ಪುಡಿ ಎಂದರೆ, ಮಾಡಿದವನ ಕೈ ಒಂದೇ ಇರಬೇಕು. ಇದನ್ನು ಹುಡುಗಿಗೆ ಹೇಳಿದೆ. ಅವಳು “ನಮ್ಮ ಅಬ್ಬಾನ ಅವ್ವ, ದಾದಿನೂ ಹಿಂಗ ಅಂತಾಳ” ಎಂದಳು.

ಒಣಗಿದ ಪುಡಿಯನ್ನು ಸಣ್ಣ ಜರಡಿಯಲ್ಲಿ ಹಿಡಿದೆವು. ಹಳೆಯ ಸ್ಪೀಕರಿನಿಂದ ಅಣ್ಣ ಕಿತ್ತುಕೊಟ್ಟ ಅಯಸ್ಕಾಂತಕ್ಕೆ ಪ್ಲಾಸ್ಟಿಕ್ ಚೀಲ ಸುತ್ತಿ ಪುಡಿಯ ಮೇಲೆ ಆಡಿಸಿದರೆ ಕರಿ ಕರಿ ಮೀಸೆ ಮೂಡಿದ ಹಾಗೆ ಅಂಟಿಕೊಳ್ಳುತ್ತಿತ್ತು. ಅದನ್ನು ಬಿಳಿ ಹಾಳೆಯ ಮೇಲೆ ಉದುರಿಸಿ, ಕಾಲೇಜಿನಿಂದ ತಂದ ಸೂಕ್ಷ್ಮದರ್ಶಕದಲ್ಲಿ ಹುಡುಗಿ ನೋಡಲು ಕೂತಳು. ಹೊತ್ತು ಸರಿದ ಹಾಗೆ ಅವಳ ಬೆನ್ನು ಬಾಗುತ್ತಾ ಹೋಯಿತು.

“ಇಲ್ಲೂ ಅಬ್ಬಾನ ಅದಾನ” ಎಂದಳು ಕೊನೆಗೆ.

ಮನೆ ಕಟ್ಟುವಾಗ ಮಾಳಿಗೆಯ ಕಂಬಿ ಬೆಸೆದವರು ಅಣ್ಣನೇ. ಆಗ ಸಿಡಿದ ಕಿಡಿಗಳೆಲ್ಲ ಮೊದಲ ಮಳೆಗಾಲದಲ್ಲೇ ತೊಳೆದು ಸಂಪು ಸೇರಿದ್ದವು. ಗುಂಡು ಗುಂಡಾಗಿ, ನುಣ್ಣಗೆ, ಸಾಲು ಸಾಲು. ಅಣ್ಣ ಬಾಗಿಲ ಬಳಿ ನಿಂತಿದ್ದರು. ಮಗಳ ಮುಖ ನೋಡಿ ಅವರ ಮುಖ ಸಣ್ಣದಾಯಿತು. “ನಾ ಏನು ಮಾಡ್ಲಿ ಬೇಟಾ, ಕಿಡಿ ಹಾರದ ಕಬ್ಬಿಣ ಕೂಡಂಗಿಲ್ಲ” ಎಂದರು. ಅವಳು ಎದ್ದು ಅಪ್ಪನ ತೋಳು ಹಿಡಿದಳು. “ನಿಂದೇ ಒಂದಿಷ್ಟು ಕಿಡಿ ತಂದುಕೊಡು ಅಬ್ಬಾ. ಬ್ಯಾರೆ ಇಟ್ಕೊಂಡು ನೋಡಿದ್ರ, ನಿಂದು ಹೆಂಗ ಇರತೈತಿ ಅಂತ ಕಣ್ಣಿಗೆ ರೂಢಿ ಆಗತೈತಿ.”

ಅವರು ಮರುದಿನವೇ ಡಬ್ಬಿಯ ಮುಚ್ಚಳದಲ್ಲಿ ಕಿಡಿಗಳನ್ನು ತಂದುಕೊಟ್ಟರು. ಅವನ್ನು ಒಂದು ಹಾಳೆಗೆ ಅಂಟಿಸಿ ನಮ್ಮದರ ಪಕ್ಕ ಇಟ್ಟುಕೊಂಡೆವು. ಅಪ್ಪನ ಕಿಡಿ ಗಾಜಿನಂತೆ ನುಣುಪು, ಕೆಲವಕ್ಕೆ ಬಾಲ, ಒಡೆದರೆ ಒಳಗೆ ಟೊಳ್ಳು. ಆಕಾಶದ್ದಾದರೆ ಮೈಮೇಲೆ ಗೆರೆಯೋ ಹರಳೋ ಇರಬೇಕೆಂದು ಚಿತ್ರ ತೋರಿಸಿ ಹೇಳಿದಳು. ಅವಳಿಗೆ ಕಾಲೇಜಿಗೆ ಹೋಗಬೇಕು. ಸೂಕ್ಷ್ಮದರ್ಶಕವನ್ನು ನಮ್ಮಲ್ಲೇ ಬಿಟ್ಟು, ಮಧ್ಯಾಹ್ನ ಕೆಲಸ ಮುಗಿದ ಮೇಲೆ ನಾನು ಗುಂಡಗಿರುವುದನ್ನೆಲ್ಲ ಆರಿಸಿಡುವುದು, ಭಾನುವಾರ ಅವಳು ಬಂದು ನೋಡುವುದು ಎಂದು ಮಾತಾಯಿತು.

ನಾನು ನೋಡಿದೆ. ಹಲ್ಲುಕಡ್ಡಿಯ ತುದಿ ಒದ್ದೆ ಮಾಡಿ ಒಂದೊಂದೇ ಕಾಳು ಎತ್ತಿಡುವುದು. ಉಸಿರು ಜೋರಾಗಿ ಬಿಟ್ಟರೆ ಹಾರಿಹೋಗುತ್ತದೆ. ಬೆಳಕಿಗೆ ಕಿಟಕಿ ತೆರೆಯಬೇಕು, ಗಾಳಿಗೆ ಮುಚ್ಚಬೇಕು. ಮೊದಮೊದಲು ಕಣ್ಣಿನಲ್ಲಿ ನೀರು ಸುರಿಯಿತು. ಗೆರೆಯ ಮಾತು ಮರೆತು ಕೈ ಅಕ್ಕಿಯ ರೂಢಿಗೇ ಹೋಯಿತು: ಚೆಂದದವು, ದುಂಡನೆಯವು, ಹೊಳೆಯುವವು ಒಂದು ಕಡೆ. ಒರಟು, ಚಪ್ಪಟೆ, ಮಂಕಾದವು ಇನ್ನೊಂದು ಬಟ್ಟಲಿಗೆ. ಅತ್ತೆಯ ನೀರು ಇತ್ತ ಇಳಿಯುತ್ತಾ ಬಂತು. ಮಠದ ಕೊಳಗ ಖಾಲಿ ಮಾಡಿ ತಿರುಗಿ ಕೊಟ್ಟೆವು. ಬಿಸಿಲಿಗೆ ಒಂದು ಡ್ರಮ್ಮಿನ ನೀರು ವಾಸನೆ ಬಂದು ಗಿಡಕ್ಕೆ ಹಾಕಬೇಕಾಯಿತು. ಅತ್ತೆ ಬೈಯುತ್ತಾರೆಂದು ಕಾದೆ. ಅವರು ತಾವು ಕುಡಿಯುವ ಲೋಟವನ್ನು ಸಣ್ಣದಕ್ಕೆ ಬದಲಿಸಿಕೊಂಡರು, ಅಷ್ಟೇ. ಪೂಜೆಗೆ ಬೋರಿನ ನೀರೇ ಬಳಸತೊಡಗಿದೆ. ಕಲೆ ಬಿದ್ದರೆ ಒರೆಸಿಕೊಳ್ಳುತ್ತೇನೆ, ಶಿವ ಅರ್ಥ ಮಾಡಿಕೊಳ್ಳುತ್ತಾನೆ.

ಪ್ರಯೋಗಾಲಯದ ದಿನಕ್ಕೆ ಮೊದಲಿನ ಭಾನುವಾರ ಹುಡುಗಿ ಬಂದು ನನ್ನ ಚೆಂದದ ಕಾಳುಗಳನ್ನು ನೋಡಿದಳು. ಒಂದೊಂದಕ್ಕೂ ತಲೆ ಅಲ್ಲಾಡಿಸಿದಳು. ಅಪ್ಪಂದು. ಅಪ್ಪಂದು. ಇದೂ ಅಪ್ಪಂದು. ಹಾಳೆ ಖಾಲಿಯಾಯಿತು. ಅವಳು ಸೂಕ್ಷ್ಮದರ್ಶಕದ ಮುಂದೆ ಕೂತೇ ಇದ್ದಳು. ನಾನು ಸೆರಗಿನಿಂದ ಮುಖ ಒರೆಸಿಕೊಂಡೆ. ಅತ್ತೆಯ ನೀರು, ಇಷ್ಟು ಮಧ್ಯಾಹ್ನಗಳು, ಎಲ್ಲ ಹೋದವೆನ್ನಿಸಿತು.

“ಈ ಬಟ್ಟಲು ಯಾವುದು?” ಎಂದಳು ಸುಮ್ಮನೆ.

“ಅದು ಕೆಟ್ಟವು. ಹೊಲಸು ಕಾಣ್ತಾವಂತ ಬದಿಗಿಟ್ಟೀನಿ.”

ಅವಳು ಆ ಬಟ್ಟಲನ್ನು ಹಾಳೆಗೆ ಸುರಿದಳು. ನೋಡುತ್ತಾ ನೋಡುತ್ತಾ ಅವಳ ಕೈ ನಿಂತಿತು. ತಿರುಗಣಿ ಸ್ವಲ್ಪ ತಿರುಗಿಸಿದಳು. ಇನ್ನಷ್ಟು ತಿರುಗಿಸಿದಳು. ಆಮೇಲೆ ಎದ್ದು, ಸದ್ದು ಮಾಡಿದರೆ ಓಡಿಹೋದೀತೇನೋ ಎಂಬಂತೆ ಪಿಸುಮಾತಿನಲ್ಲಿ “ಸಣ್ಣಮ್ಮ, ಬಂದು ನೋಡ್ರಿ” ಎಂದಳು.

ಕಣ್ಣಿಟ್ಟೆ. ಕರಿ ಗುಂಡು, ಪೂರ್ತಿ ದುಂಡಗಿಲ್ಲ. ಮೈತುಂಬ ಗೆರೆ. ಹರಗಿ ಬಿಟ್ಟ ಹೊಲದ ಸಾಲಿನ ಹಾಗೆ ಒಂದರ ಪಕ್ಕ ಒಂದು, ನೇರ, ಒತ್ತೊತ್ತಾಗಿ. ಒಂದು ಕಡೆ ಬೆಳ್ಳಿಯ ಮೂಗುಬೊಟ್ಟಿನಷ್ಟು ಹೊಳಪು. ಬರಿಗಣ್ಣಿಗೆ ಅದು ಹಾಳೆಯ ಮೇಲೆ ಪೆನ್ನಿನ ಚುಕ್ಕಿ. ಅಷ್ಟರೊಳಗೆ ಯಾರು ಆ ಸಾಲು ಹೊಡೆದರು? ನೇಗಿಲು ಯಾವುದು? ಬೆಂಕಿಯಾಗಿ ಬೀಳುವ ಆ ಒಂದು ಕ್ಷಣದಲ್ಲಿ ಕರಗಿ, ಆರುವಾಗ ಹರಳು ಹೀಗೆ ಸಾಲಾಗಿ ಕಟ್ಟುತ್ತದೆ ಎಂದು ಹುಡುಗಿ ಹೇಳುತ್ತಿದ್ದಳು. ಕೇಳಿಸುತ್ತಿತ್ತು, ಕಣ್ಣು ಮಾತ್ರ ಅಲ್ಲಿಂದ ತೆಗೆಯಲಿಲ್ಲ. ಗೊತ್ತಿಲ್ಲದೆ ಎರಡೂ ಕೈ ಜೋಡಿಸಿದ್ದೆ.

ಅತ್ತೆಯನ್ನು ಎತ್ತಿ ನಡೆಸಿಕೊಂಡು ಬಂದು ತೋರಿಸಿದೆವು. ಅವರು ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದರು. “ಇದನ್ನೇನು ನೀ ಹೊಲಸು ಅಂದಿದ್ದಿ?” ಎಂದು ನನ್ನ ಕಡೆ ತಿರುಗಿದರು.

“ಇನ್ನೂ ಖಾತ್ರಿ ಇಲ್ಲ ಅಜ್ಜಿ. ದೊಡ್ಡ ಮಿಷಿನ್ನಿನಾಗ ಇದರ ಒಳಗ ಏನೈತಿ ಅಂತ ನೋಡಬೇಕು. ಆಮ್ಯಾಲ ಹೇಳ್ತಾರ” ಎಂದಳು ಹುಡುಗಿ. ಹಾಗೆ ಅನುಮಾನ ಹುಟ್ಟಿಸುವಂಥ ಇನ್ನೂ ಕೆಲವನ್ನು ಅದೇ ಬಟ್ಟಲಿನಿಂದ ಆರಿಸಿ, ಪುಟ್ಟ ಡಬ್ಬಿಗಳಲ್ಲಿಟ್ಟು ಒಯ್ದಳು. ಅವನ್ನು ಅಂಟಿನಲ್ಲಿ ಹುದುಗಿಸಿ, ಕೊಯ್ದು, ಹೊಳಪು ಕೊಟ್ಟು ನೋಡುತ್ತಾರಂತೆ. ಮರಳಿ ಬರುವುದಿಲ್ಲ. ಹೋಗುವ ಮುಂಚೆ ಡಬ್ಬಿಗೆ ಒಂದು ಚಿಟಿಕೆ ವಿಭೂತಿ ಹಚ್ಚಲೇ ಎಂದು ಕೇಳಿದೆ. “ಡಬ್ಬಿಗೆ ಬ್ಯಾಡ್ರಿ, ಅದೂ ಕಾಣತೈತಿ ಮಿಷಿನ್ನಿನಾಗ. ನನ್ನ ಹಣೆಗೆ ಹಚ್ಚಿರಿ” ಎಂದು ತಲೆ ಬಗ್ಗಿಸಿದಳು. ಹಚ್ಚಿದೆ.

ಉತ್ತರ ಬರುವತನಕದ ದಿನಗಳೇ ಕಷ್ಟದವು. ಕೊನೆಯ ಕೊಡವೂ ಮುಗಿಯಿತು. ನೀರಿನ ಘಟಕ ಒಮ್ಮೆ ನಡೆಯುತ್ತಿತ್ತು, ಒಮ್ಮೆ ನಿಲ್ಲುತ್ತಿತ್ತು. ನಮ್ಮ ಮನೆಯವರು ಹರಪನಹಳ್ಳಿಯಿಂದ ಬಸ್ಸಿನಲ್ಲಿ ಕ್ಯಾನು ಹೊತ್ತು ತಂದರು. ಒಂದೆರಡು ದಿನ ಅತ್ತೆ ಬೋರಿನದನ್ನೇ ಕುಡಿದರು. ರಾತ್ರಿ ಕಾಲು ನೀವಿಕೊಳ್ಳುವ ಸದ್ದು ನನಗೆ ಕೇಳಿಸುತ್ತಿತ್ತು. ಬೆಳಿಗ್ಗೆ ಎದ್ದರೆ “ಹುಡುಗಿ ಫೋನು ಮಾಡಿದ್ಲೇನು?” ಅಷ್ಟೇ ಕೇಳುತ್ತಿದ್ದರು.

ಒಂದು ದಿನ ಫೋನು ಬಂತು. ಆ ಕಡೆ ಹುಡುಗಿ ಅಳುತ್ತಿದ್ದಳು, ಹಿಂದೆ ಅಣ್ಣನ ಗದ್ದಲ. ಒಯ್ದ ಕಾಳುಗಳಲ್ಲಿ ಉಳಿದವೆಲ್ಲ ಈ ನೆಲದವೇ. ಒಂದು ಮಾತ್ರ ಅಲ್ಲ. ಸಾಲು ಸಾಲಿನದು.

“ಹಳೇ ಧೂಳು ಸಣ್ಣಮ್ಮ. ಭೂಮಿ ಹುಟ್ಟೋದಕ್ಕಿಂತ ಮೊದಲಿನ ಸಾಮಾನು. ಸರು ಮತ್ತ ಮತ್ತ ನೋಡಿದ್ರು. ವಿಷಯ ಬದಲಿಸೋದು ಬ್ಯಾಡ ಅಂದಾರ. ಈ ಸೀಮ್ಯಾಗ ಇನ್ನೂ ಹುಡುಕೋಣ ಅಂದಾರ.”

ಫೋನನ್ನು ಅತ್ತೆಯ ಕಿವಿಗೆ ಹಿಡಿದೆ. ಅವರು ಎಲ್ಲ ಕೇಳಿ, “ಚಲೋ ಆತು ತಾಯಿ. ಅಳಬ್ಯಾಡ, ಹೋಗಿ ಉಣ್ಣು” ಎಂದರು. ಫೋನು ಇಟ್ಟಮೇಲೆ ನನಗೆ ಹೇಳಿದರು: “ಮಳಿಗಾಲದ ಮೊದಲ ನೀರನ್ನ ಹೊಲಸು ಅಂತ ಬೀದಿಗೆ ಬಿಡ್ತೀಯಲ್ಲ, ಈ ಸಲ ಬಿಡಬ್ಯಾಡ. ಪೈಪಿನ ಬಾಯಿಗೆ ಆ ನೀಲಿ ಡ್ರಮ್ಮು ಇಡು. ತುಂಬಿದ ಮ್ಯಾಲ ಸಂಪಿಗೆ ತಿರುಗಿಸು.”

“ಆ ನೀರು ಏನಕ್ಕ ಅತ್ತಿ?”

“ನೀರು ಏನಕ್ಕ ಅಂತ ಕೇಳ್ತೀಯಲ್ಲ, ಅದರ ತಳ ಆ ಹುಡುಗಿಗೆ. ಒಂದು ಸಿಕ್ಕೈತಿ, ಇನ್ನೊಂದು ಬ್ಯಾಡೇನು ಆಕಿಗೆ?”

ನೀಲಿ ಡ್ರಮ್ಮನ್ನು ಉರುಳಿಸಿ ತಂದು, ತೊಳೆದು, ಪೈಪಿನ ಕೆಳಗೆ ನಿಲ್ಲಿಸಿದೆ. ಗುಡೇಕೋಟೆಯ ಗುಡ್ಡದ ಕಡೆ ಕಪ್ಪಾಗಿತ್ತು, ಗಾಳಿಯಲ್ಲಿ ಮಣ್ಣಿನ ವಾಸನೆ. ಮಾಳಿಗೆಯ ಮೇಲೆ ಬೆಳಿಗ್ಗೆ ಇಟ್ಟ ಸಂಡಿಗೆ ಇನ್ನೂ ಅರ್ಧ ಹಸಿ. ಸೀರೆ ಎತ್ತಿ ಕಟ್ಟಿಕೊಂಡು, ಅವನ್ನು ಬಳಿದು ತರಲು ಮೆಟ್ಟಿಲು ಹತ್ತಿದೆ.